ಭೂಲೋಕಮಲ್ಲನ ಗಾಳ

ಮೀನು ತಿನ್ನದವನು ಮೀನಿನ ವಿಷಯ ಬರೆಯಬಹುದೇ ಎಂಬ ಆಕ್ಷೇಪಣೆ ಮೊದಲು ನನ್ನ ಮನೆಯಿಂದಲೇ ಬಂದಿತು. ಕತ್ತಿ ಹಿಡಿಯದವರು ಯುದ್ಧದ ಇತಿಹಾಸ ಬರೆಯುತ್ತಾರೆ, ಊರ ಪಂಚಾಯತಿಯನ್ನೂ ನಡೆಸದವರು ರಾಜನೀತಿ ಬೋಧಿಸುತ್ತಾರೆ ಎಂದು ನಾನು ಸಮಾಧಾನ ಹೇಳಿದೆ. ಆದರೂ ಆ ಮಾತು ಒಳಗೊಳಗೇ ಕುಟುಕುತ್ತಿತ್ತು. ಏಕೆಂದರೆ ಈ ಲೇಖನ ಹುಟ್ಟಿದ್ದೇ ನನ್ನ ಅಜ್ಞಾನ ಬಯಲಾದ ಒಂದು ಗಳಿಗೆಯಲ್ಲಿ.

ತರಗತಿಯಲ್ಲಿ ಕಲ್ಯಾಣದ ಚಾಲುಕ್ಯರ ಕಾಲವನ್ನು ವಿವರಿಸುತ್ತಿದ್ದೆ. ಆರನೆಯ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ 1127ರಲ್ಲಿ ಪಟ್ಟಕ್ಕೆ ಬಂದವನು. ‘ಭೂಲೋಕಮಲ್ಲ’, ‘ಸರ್ವಜ್ಞ’ ಎಂಬ ಬಿರುದುಗಳನ್ನು ಹೊತ್ತವನು. ಅವನ ಹೆಸರಿನಲ್ಲಿ ನಿಂತಿರುವ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ವಿಶ್ವಕೋಶದಲ್ಲಿ ಆನೆ, ಕುದುರೆ, ರತ್ನ, ಔಷಧ, ಸಂಗೀತ, ಚಿತ್ರಕಲೆ, ಅಡಿಗೆ ಎಲ್ಲವೂ ಇವೆ, ನಮ್ಮ ಇಡ್ಲಿಯ ಪೂರ್ವಜಳಾದ ‘ಇಡ್ಡರಿಕಾ’ ಕೂಡ ಅಲ್ಲಿಯೇ ಸಿಗುತ್ತಾಳೆ. ಇಡ್ಲಿಯ ಮಾತು ಬಂದಾಗ ವಿದ್ಯಾರ್ಥಿಗಳು ನಗುವುದು ವಾಡಿಕೆ. ಆ ದಿನ ನಗೆ ಅಡಗಿದ ಮೇಲೆ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದುನಿಂತು, “ಸರ, ಗಾಳದ ವಿಷಯ ಏನರ ಐತೇನ್ರಿ ಅದರಾಗ?” ಎಂದು ಕೇಳಿದ. ಸವದತ್ತಿ ತಾಲ್ಲೂಕಿನಲ್ಲಿ ಮಲಪ್ರಭೆಯ ದಂಡೆಯ ಊರಿನವನು, ಅಂಬಿಗರ ಮನೆಯ ಹುಡುಗ.

“ಇದೆ, ‘ಮತ್ಸ್ಯವಿನೋದ’ ಎಂಬ ಅಧ್ಯಾಯವೇ ಇದೆ” ಎಂದೆ. “ಏನ್ ಬರ್ದಾರ್ರಿ?” ಎಂದು ಮರುಪ್ರಶ್ನೆ. ನನಗೆ ಗೊತ್ತಿದ್ದದ್ದು ಅಧ್ಯಾಯದ ಹೆಸರು ಮಾತ್ರ. ಹದಿನೈದು ವರ್ಷ ಪಾಠ ಹೇಳಿದವನು ಗ್ರಂಥದ ವಿಷಯಸೂಚಿಯನ್ನೇ ಗ್ರಂಥವೆಂದು ಹಂಚುತ್ತ ಬಂದಿದ್ದೆ. ಮುಂದಿನ ವಾರ ಹೇಳುತ್ತೇನೆ ಎಂದು ಗಂಟೆಯ ಸದ್ದಿನ ಮರೆಯಲ್ಲಿ ಪಾರಾದೆ.

ಮಾನಸೋಲ್ಲಾಸವನ್ನು ಓದುವುದಕ್ಕೆ ಬರೋಡೆಯ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯ ಆವೃತ್ತಿಯನ್ನೇ ಆಶ್ರಯಿಸಬೇಕು. ಜಿ. ಕೆ. ಶ್ರೀಗೊಂಡೇಕರರು ಸಂಪಾದಿಸಿದ ಈ ಆವೃತ್ತಿಯ ಮೊದಲ ಸಂಪುಟ 1925ರಲ್ಲಿ, ಎರಡನೆಯದು 1939ರಲ್ಲಿ, ಮೂರನೆಯದು 1961ರಲ್ಲಿ ಹೊರಬಂದವು. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಇದರ ಮೊದಲ ಭಾಗವನ್ನು ‘ಅಭಿಲಷಿತಾರ್ಥಚಿಂತಾಮಣಿ’ ಎಂಬ ಇನ್ನೊಂದು ಹೆಸರಿನಿಂದ 1926ರಲ್ಲಿ ಪ್ರಕಟಿಸಿದ್ದರು. ಗ್ರಂಥದೊಳಗೆ ಶಕವರ್ಷ 1051ರ ಉಲ್ಲೇಖವಿರುವುದರಿಂದ ಕ್ರಿ. ಶ. 1129ರ ಆಸುಪಾಸಿನಲ್ಲಿ ಇದು ರೂಪುಗೊಳ್ಳುತ್ತಿತ್ತು ಎನ್ನಬಹುದು. ನೂರು ಅಧ್ಯಾಯಗಳು, ಇಪ್ಪತ್ತರಂತೆ ಐದು ‘ವಿಂಶತಿ’ಗಳು. ರಾಜ್ಯವನ್ನು ಪಡೆಯುವುದು, ಉಳಿಸಿಕೊಳ್ಳುವುದು, ಭೋಗಿಸುವುದು, ಆಮೇಲೆ ವಿನೋದ, ಕೊನೆಗೆ ಕ್ರೀಡೆ. ಮೀನು ಹಿಡಿಯುವ ವಿಚಾರ ವಿನೋದದ ಪಾಲಿಗೆ ಬಂದಿದೆ. ಅಂಬಿಗನಿಗೆ ಅದು ಹೊಟ್ಟೆಯ ಪಾಡು, ಅರಸನಿಗೆ ವಿನೋದ. ವಿಂಗಡಣೆಯಲ್ಲಿಯೇ ಅರ್ಧ ಕಥೆ ಹೇಳಿಯಾಯಿತು.

ಈ ಅಧ್ಯಾಯವನ್ನು ಸಂಸ್ಕೃತ ಪಂಡಿತರಿಗಿಂತ ಮೊದಲು ಗಂಭೀರವಾಗಿ ತೆಗೆದುಕೊಂಡವರು ಒಬ್ಬ ಪ್ರಾಣಿಶಾಸ್ತ್ರಜ್ಞರು ಎಂಬುದು ನಮ್ಮ ವಿಭಾಗದವರು ತುಸು ನಾಚಬೇಕಾದ ಸಂಗತಿ. ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ನಿರ್ದೇಶಕರಾಗಿದ್ದ ಸುಂದರಲಾಲ ಹೋರಾ ಅವರು 1951ರಲ್ಲಿ ಕಲಕತ್ತೆಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಮತ್ಸ್ಯವಿನೋದದ ಮೇಲೆ ದೀರ್ಘ ಲೇಖನ ಬರೆದರು. ಆಮೇಲೆ 2005ರಲ್ಲಿ ನಳಿನಿ ಸಾಧಲೆ ಮತ್ತು ವೈ. ಎಲ್. ನೆನೆ ಅವರು ಮಾನಸೋಲ್ಲಾಸದ ಮೀನುಗಳನ್ನು ಮತ್ತೊಮ್ಮೆ ಪರಿಶೀಲಿಸಿದರು. ನಮ್ಮ ನೆಲದ ಅರಸನ ಗಾಳವನ್ನು ಹುಡುಕಿಕೊಟ್ಟವರು ಪಂಜಾಬದ ವಿದ್ವಾಂಸರು. ನಾವು ಇಡ್ಡರಿಕೆಯ ಮುಂದೆ ಕುಳಿತಿದ್ದೆವು.

ಮತ್ಸ್ಯವಿನೋದದಲ್ಲಿ ಸುಮಾರು 35 ಬಗೆಯ ಮೀನುಗಳ ಹೆಸರುಗಳಿವೆ. ಸಮುದ್ರದವು, ಸಿಹಿನೀರಿನವು, ಮೈಮೇಲೆ ಹುರುಪೆಯುಳ್ಳ ‘ಶಲ್ಕಜ’, ನುಣ್ಣನೆಯ ಚರ್ಮದ ‘ಚರ್ಮಜ’, ಗಾತ್ರದಲ್ಲಿ ದೊಡ್ಡವು, ನಡುವಿನವು, ಸಣ್ಣವು ಎಂದು ವಿಭಾಗ. ಅನಂತರ ಯಾವ ಮೀನಿಗೆ ಯಾವ ಉಣಿಸು ಎಂಬ ವಿಚಾರ. ಎಳ್ಳಿನ ಹಿಂಡಿ, ಕಡಲೆಹಿಟ್ಟು, ಅನ್ನ ಇವುಗಳ ಉಂಡೆ ಕೆಲವಕ್ಕೆ, ಮಾಂಸಭಕ್ಷಕಗಳಿಗೆ ಮಾಂಸ. ಹೀಗೆ ಮೀನುಗಳನ್ನು ಉಣಿಸಿ ರೂಢಿ ಮಾಡಿದ ಮೇಲೆಯೇ ಕೋಲು, ಹುರಿ, ಗಾಳಗಳ ಮಾತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಇಂಗ್ಲಿಷರ ಮೊದಲ ಗಾಳಶಾಸ್ತ್ರ ಅಚ್ಚಾದದ್ದು 1496ರಲ್ಲಿ, ಐಸಾಕ್ ವಾಲ್ಟನ್ ಬರೆದ ಪ್ರಸಿದ್ಧ ಪುಸ್ತಕ 1653ರದು, ನಮ್ಮದು ಅವೆರಡಕ್ಕಿಂತ ಮೂರರಿಂದ ಐದು ಶತಮಾನ ಹಿಂದಿನದು ಎಂದು ಎದೆಯುಬ್ಬಿಸುವ ಚಪಲ ಯಾರಿಗಾದರೂ ಬಂದೀತು. ಆದರೆ ಕ್ರಿ. ಶ. ಎರಡನೆಯ ಶತಮಾನದಲ್ಲಿಯೇ ಗ್ರೀಕ್ ಕವಿ ಓಪ್ಪಿಯನ್ ಮೀನುಗಾರಿಕೆಯ ಮೇಲೆ ಕಾವ್ಯ ಬರೆದಿದ್ದ. ರೋಮಿನ ಏಲಿಯನ್ ಮ್ಯಾಸಿಡೋನಿಯದವರು ಗಾಳಕ್ಕೆ ಕೆಂಪು ಉಣ್ಣೆ, ಗರಿಗಳನ್ನು ಸುತ್ತಿ ಹುಳುವಿನಂತೆ ಮಾಡಿ ಮೀನನ್ನು ವಂಚಿಸುವುದನ್ನು ವರ್ಣಿಸಿದ್ದ. ಮೊದಲಿಗರು ಯಾರೆಂಬ ಜಗಳ ಹುಡುಗರಿಗೆ ಬಿಡೋಣ. ನನ್ನ ಗಮನ ಸೆಳೆದದ್ದು ಬೇರೆ: ಮ್ಯಾಸಿಡೋನಿಯದವರದು ಹುಸಿ ಎರೆ, ಸೋಮೇಶ್ವರನದು ನಿಜದ ಊಟ.

‘ಎರೆ’ ಎಂಬ ನಮ್ಮ ಮಾತನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ಪ್ರಾಣಿಪಕ್ಷಿಗಳು ನುಂಗುವ ಆಹಾರವೂ ಎರೆ, ಗಾಳಕ್ಕೆ ಕಟ್ಟುವ ಉಣಿಸೂ ಎರೆ. ತಮಿಳಿನ ‘ಇರೈ’ ಇದರ ಒಡಹುಟ್ಟು. ಎರೆಹುಳುವಿನ ಹೆಸರಿನಲ್ಲಿ ಈ ಹಳೆಯ ಅರ್ಥ ಇನ್ನೂ ಉಸಿರಾಡುತ್ತಿದೆ. ಬೈಲಹೊಂಗಲ, ಸವದತ್ತಿ ಕಡೆಯ ನಾವು ಎರೆ ಎಂದರೆ ಕಪ್ಪು ಭೂಮಿಯೆಂದೇ ತಿಳಿದು, ಎರೆಯ ಹೊಲದಲ್ಲಿ ಸಿಗುವ ಹುಳುವಾದ್ದರಿಂದ ಎರೆಹುಳು ಎಂದು ಅರ್ಥ ಹಚ್ಚುತ್ತೇವೆ. ನಾನೂ ಹಾಗೆಯೇ ಪಾಠ ಹೇಳಿದ್ದೆ. ತಿದ್ದಿದವರು ಆ ಹುಡುಗನ ಅಜ್ಜ.

ಅಧ್ಯಾಯದ ಸಾರಾಂಶವನ್ನು ಬರೆದುಕೊಂಡು ಒಂದು ಭಾನುವಾರ ಅವರ ಊರಿಗೆ ಹೋದೆ. ಕಣಕುಂಬಿಯಲ್ಲಿ ಹುಟ್ಟಿ ಖಾನಾಪುರ ದಾಟಿ ಬರುವ ಮಲಪ್ರಭೆ ಈಗ ಇಲ್ಲಿ ಹೊಳೆಯಲ್ಲ, ಸಾಗರ. ನವಿಲುತೀರ್ಥದ ಅಣೆಕಟ್ಟು 1972ರಲ್ಲಿ ಪೂರ್ಣಗೊಂಡ ಮೇಲೆ ನಿಂತ ರೇಣುಕಾಸಾಗರದ ಹಿನ್ನೀರು ಹೊಲ, ಗುಡಿ, ಹಾದಿಗಳನ್ನು ನುಂಗಿ ದೂರದವರೆಗೆ ಚಾಚಿದೆ. ದಂಡೆಯ ಕಲ್ಲಿನ ಮೇಲೆ ಅಜ್ಜ ಕುಳಿತಿದ್ದರು. ಎಪ್ಪತ್ತು ದಾಟಿದ ದೇಹ, ತೋಳು ಮಾತ್ರ ಹಗ್ಗ ಹೊಸೆದಂತೆ ಗಟ್ಟಿ. ಕೈಯಲ್ಲಿ ಮೆದರ ಬಿದಿರಿನ ಗಳ, ತಂಗೂಸಿ ದಾರ, ಜೋಳದ ದಂಟಿನ ಬೆಂಡು. ಪಕ್ಕದಲ್ಲಿ ಮೊಮ್ಮಗ ಅಂಚೆಯಲ್ಲಿ ತರಿಸಿದ ತನ್ನ ಸರಂಜಾಮು ಹರವಿಕೊಂಡಿದ್ದ: ನಾರುಗಾಜಿನ ಕೋಲು, ತಿರುಗುವ ರೀಲು, ಮತ್ತು ಒಂದು ಡಬ್ಬಿಯ ತುಂಬ ಮೆತ್ತನೆಯ ಪ್ಲಾಸ್ಟಿಕ್ ಹುಳುಗಳು, ಕಪ್ಪೆಗಳು. ನೇರಳೆ, ಹಸಿರು, ಹೊಗೆಬಣ್ಣ. ಮುಟ್ಟಿದರೆ ಜೀವವಿದ್ದಂತೆ ಬಳುಕುತ್ತಿದ್ದವು. ನನ್ನ ಮೈ ಸ್ವಲ್ಪ ಜುಂ ಎಂದಿತು ಎಂದು ಒಪ್ಪಿಕೊಳ್ಳುತ್ತೇನೆ.

ಈ ಹುಳುವಿಗೂ ಒಂದು ಚರಿತ್ರೆಯಿದೆ. ಅಮೆರಿಕದ ಓಹಾಯೋ ಸಂಸ್ಥಾನದ ಆ್ಯಕ್ರನ್ ನಗರದಲ್ಲಿ ನಿಕ್ ಕ್ರೀಮ್ ಎಂಬಾತ ಹೆಂಡತಿಯೊಡನೆ ಮನೆಯ ಅಡಿಗೆಯ ಒಲೆಯ ಮೇಲೆ ವಿನೈಲ್, ಎಣ್ಣೆ, ಬಣ್ಣಗಳನ್ನು ಕಾಯಿಸಿ ಅಚ್ಚಿಗೆ ಹೊಯ್ದು ಇದನ್ನು ಮಾಡಿದ್ದು 1949ರಲ್ಲಿ. ಅಲ್ಲಿಯ ‘ಬ್ಲ್ಯಾಕ್ ಬಾಸ್’ ಎಂಬ ಮೀನು ಕಳೆ, ಬೊಡ್ಡೆಗಳ ಮರೆಯಲ್ಲಿ ಹೊಂಚುಹಾಕಿ ಕೂತು ಎದುರಿಗೆ ಹಾಯ್ದುದನ್ನು ನುಂಗುವ ಜಾತಿ. ಅದನ್ನು ಕೆಣಕಲು ರುಚಿಗಿಂತ ಚಲನೆ ಮುಖ್ಯ. ನಮ್ಮಲ್ಲಿ ಆ ಮೀನಿಲ್ಲ. ಆದರೆ ಕೊರವ, ಕುಚ್ಚು ಎಂದು ಕರೆಯುವ, ಹಾವಿನ ತಲೆಯಂಥ ತಲೆಯುಳ್ಳ ಮೀನಿನ ನಡತೆ ಹೆಚ್ಚುಕಡಮೆ ಅದೇ. ಕಳೆಯ ನಡುವೆ ಗಾಳ ಸಿಕ್ಕಿಕೊಳ್ಳಬಾರದೆಂದು ಮೊನೆಯನ್ನು ಪ್ಲಾಸ್ಟಿಕ್ ಹುಳುವಿನ ಮೈಯಲ್ಲೇ ಹುದುಗಿಸಿ, ಮುಂದೆ ಒಂದು ಸೀಸದ ಗುಂಡು ಪೋಣಿಸುತ್ತಾರೆ. ಮೀನು ಕಚ್ಚಿದಾಗ ಮೊನೆ ಮೆತ್ತನೆಯ ಮೈಯನ್ನು ಸೀಳಿ ಹೊರಬರುತ್ತದೆ. ತಿಳಿನೀರಿಗೆ ನಸುಬಣ್ಣ, ರಾಡಿನೀರಿಗೆ ಕಡುಬಣ್ಣ, ಎಂದು ಹುಡುಗ ನನಗೇ ಪಾಠ ಹೇಳಿದ. ತರಗತಿಯಲ್ಲಿ ಅವನು ಇಷ್ಟು ಸ್ಫುಟವಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಅಜ್ಜ ಸುಮ್ಮನೆ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, “ಮೊದಲ ಮೀನಿನ ಬಾಯಿ ನೋಡಬೇಕ್ರಿ ಸರ. ಬಾಯಿ ಕೆಳಗಿದ್ರ ಅದು ನೆಲದ ಮ್ಯಾಲಿಂದು ತಿಂತೈತಿ. ಬಾಯಿ ದೊಡ್ಡದಿದ್ದು ಹಲ್ಲ ಇದ್ರ ಅದಕ್ಕ ಜೀವದ ಎರಿ ಬೇಕು. ಹಿಟ್ಟ ತಿನ್ನೂ ಮೀನಿಗಿ ಕಪ್ಪಿ ಕಟ್ಟಿದ್ರ ಅದೇನ ಮದವಿ ಊಟಕ್ಕ ಬರತೈತೇನ್ರಿ?” ಎಂದರು. ಮಳೆಗಾಲದ ಕೆನ್ನೀರಿನಲ್ಲಿ ಮೀನಿಗೆ ಕಣ್ಣು ಕಾಣದು, ಮೂಗೇ ಆಧಾರ, ಆಗ ಎರೆಹುಳು ಇಲ್ಲವೆ ವಾಸನೆಯ ಹಿಂಡಿ. ಚಳಿಗಾಲ ನೀರು ತಿಳಿಯಾದಾಗ ದಾರ ಸಣ್ಣದಿರಬೇಕು, ಇಲ್ಲದಿದ್ದರೆ ಮೀನು ದಾರವನ್ನೇ ಕಂಡು ಸರಿಯುತ್ತದೆ. ಗಂಟು ಬಿಗಿಯುವ ಮೊದಲು ಎಂಜಲು ಹಚ್ಚಬೇಕು. ನಾನು ಬರೆದುಕೊಳ್ಳುತ್ತಿದ್ದ ವೇಗ ಸಾಲದಾಯಿತು. “ಎರಿ ಅಂದ್ರ ಹೊಲ ಅಲ್ಲೇನ್ರಿ?” ಎಂದು ನಾನು ಕೇಳಿದ್ದೂ, “ಹೊಲದ ಎರಿ ಬ್ಯಾರೆ, ಗಾಳದ ಎರಿ ಬ್ಯಾರೆ ಸರ, ಎರಿ ಇದ್ದದ್ದಕ್ಕ ಹುಳಕ್ಕ ಆ ಹೆಸರು” ಎಂದು ಅವರು ಹೇಳಿದ್ದೂ ಆಗಲೇ. ಮನೆಗೆ ಬಂದು ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟೆಲರ ನಿಘಂಟನ್ನು ತೆರೆದೆ. ಅಜ್ಜನ ಪಕ್ಷವೇ ಗೆದ್ದಿತ್ತು.

ಮಂಗಳೂರೆಂದಾಗ ಇನ್ನೊಂದು ನೆನಪು. ಕಿಟೆಲ್ ನಿಘಂಟಿಗಿಂತ ಎರಡು ದಶಕ ಮೊದಲು, 1873ರಲ್ಲಿ, ಅದೇ ಊರಿನಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕ ಪ್ರಕಟವಾಯಿತು. ಬರೆದವನು ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸುಲಿವನ್ ಥಾಮಸ್. ಇಂಡಿಯದ ಹೊಳೆಗಳಲ್ಲಿ ಗಾಳ ಹಾಕುವ ಬಿಳಿಯರಿಗೆ ಇದು ಕೈಪಿಡಿಯಾಯಿತು. ಮಹಶೀರ್ ಎಂದು ಅವರು ಕರೆದ, ಕಾವೇರಿಯ ಕಡೆ ನಮ್ಮವರು ಬಿಳಿಮೀನು ಎನ್ನುವ ದೈತ್ಯನನ್ನು ಹಿಡಿಯಲು ಲೋಹದ ಚಮಚದಂಥ ಹುಸಿ ಎರೆ, ತಿರುಗಿಸುವ ಸತ್ತ ಮೀನು ಇವುಗಳನ್ನು ಬಳಸುತ್ತಿದ್ದರು. ಸಾಧಾರಣ ಗಾಳವನ್ನು ಅದು ದವಡೆಯಲ್ಲಿ ಅಗಿದು ಚಪ್ಪಟೆ ಮಾಡಿಬಿಡುತ್ತದೆ. ಆದರೆ ಕಾವೇರಿಯಲ್ಲಿ ಕೊನೆಗೆ ಹೆಸರು ಗಳಿಸಿದ ಎರೆ ಯಾವುದು? ಬೇಯಿಸಿ ಮುದ್ದೆ ಕಟ್ಟಿದ ರಾಗಿ! ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಬಿಳಿಮೀನು ಹಿಡಿದದ್ದು 1946ರಲ್ಲಿ. ಆ ಡುಬ್ಬದ ಬಿಳಿಮೀನು ಯಾವ ಪ್ರಭೇದವೆಂದು ವಿಜ್ಞಾನಿಗಳು ಖಚಿತವಾಗಿ ಹೇಳಿದ್ದು 2018ರಲ್ಲಿ. ಅದೇ ವರ್ಷ ಅದು ನಾಶದ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ನಾಮಕರಣಕ್ಕೂ ಅಂತ್ಯಕ್ರಿಯೆಗೂ ಒಂದೇ ಮುಹೂರ್ತ ಕೂಡಿಬಂದಂತೆ.

ಮತ್ತೆ ದಂಡೆಗೆ ಬರೋಣ. ಅಜ್ಜನಿಗೆ ಸೋಮೇಶ್ವರನ ಅಧ್ಯಾಯವನ್ನು ಕನ್ನಡದಲ್ಲಿ ಹೇಳುತ್ತ ಹೋದೆ. ಹುರುಪೆಯ ಮೀನು, ಚರ್ಮದ ಮೀನು ಎಂಬ ವಿಭಾಗಕ್ಕೆ ತಲೆದೂಗಿದರು. ‘ಪಾಠೀನ’ ಎಂದೆ, ಈಗಿನ ವಿದ್ವಾಂಸರು ಅದನ್ನು ಬಾಳೆಮೀನು ಎಂದು ಗುರುತಿಸುತ್ತಾರೆ, ಅಗಲ ಬಾಯಿ, ಹಲ್ಲು, ಹುರುಪೆಯಿಲ್ಲದ ಮೈ. ಅದಕ್ಕೆ ಮಾಂಸ ಸರಿ ಎಂದರು. ‘ರೋಹಿತ’ ಎಂದೆ. “ರೋಹು ಏನ್ರಿ? ಅದು ಮೊನ್ನೆ ಮೊನ್ನೆ ಬಂದದ್ದು, ಇಲಾಖೆಯವರು ಮರಿ ತಂದ ಬಿಟ್ಟದ್ದು” ಎಂದು ಕೈಯಾಡಿಸಿದರು. ಇದು ನನ್ನನ್ನು ಯೋಚನೆಗೆ ಹಚ್ಚಿತು. ಗಂಗೆಯ ಬಯಲಿನ ರೋಹು ದಕ್ಷಿಣದ ಹೊಳೆಗಳದ್ದಲ್ಲ. ಕಾಟ್ಲಾ, ಮೃಗಾಲಗಳ ಜತೆ ಇಪ್ಪತ್ತನೆಯ ಶತಮಾನದಲ್ಲಿ ನಮ್ಮ ಜಲಾಶಯಗಳಿಗೆ ಬಂದದ್ದು. ಹಾಗಾದರೆ ಕಲ್ಯಾಣದ ಅರಸನ ರೋಹಿತ ಯಾವುದು? ಕೃಷ್ಣೆಯ ಹೊಳೆಸಮೂಹದಲ್ಲಿ ಅದೇ ಕುಲದ ಬೇರೆ ಮೀನುಗಳು ಮೊದಲಿನಿಂದಲೂ ಇವೆ. ಅವುಗಳಲ್ಲೊಂದಕ್ಕೆ ಆಸ್ಥಾನದ ಪಂಡಿತರು ಕೋಶದಲ್ಲಿದ್ದ ಗೌರವದ ಹೆಸರನ್ನು ತೊಡಿಸಿರಬೇಕು. ಹೊಳೆಯವರು ಆ ಮೀನನ್ನು ಯಾವ ಹೆಸರಿನಿಂದ ತೋರಿಸಿದ್ದರೋ, ಅದು ಸಂಸ್ಕೃತದ ಮಡಿಯಲ್ಲಿ ತೊಳೆದುಹೋಗಿದೆ.

ಉಣಿಸಿನ ಭಾಗ ಬಂದಾಗ ಅಜ್ಜ ಮಾತು ನಿಲ್ಲಿಸಿದರು. ಕಡಲೆಹಿಟ್ಟು, ಅನ್ನ, ಎಳ್ಳು! “ಇಷ್ಟ ಹಿಟ್ಟ ಹೊಳಿಗಿ ಹಾಕಾಕ ನಮ್ಮನ್ಯಾಗ ಎಲ್ಲಿತ್ರಿ? ನಾವು ಉಣ್ಣೂದಾ ಕಷ್ಟಿತ್ತು” ಎಂದರು. ಅವರ ತಂದೆ ನೆಲ ಅಗೆದು ತೆಗೆದ ಹುಳುವಿನ ಹೊರತು ಬೇರೆ ಎರೆ ಕಟ್ಟಿದ್ದನ್ನು ಅವರು ಕಂಡಿಲ್ಲ. ಹಿಂಡಿ ಬಂದದ್ದು ಆಮೇಲೆ, ಅದೂ ಶೇಂಗಾ ಹಿಂಡಿ. ಶೇಂಗಾ ಅಮೆರಿಕ ಖಂಡದಿಂದ ಬಂದ ಬೆಳೆ. ಭೂಲೋಕಮಲ್ಲ ಅದನ್ನು ಕನಸಿನಲ್ಲಿಯೂ ಕಂಡಿರಲಾರ. ಎರೆಯೊಂದನ್ನು ನೋಡಿದರೆ ಅದರ ಕಾಲವನ್ನೂ ಅದನ್ನು ಕಟ್ಟಿದವನ ಕಣಜವನ್ನೂ ಹೇಳಬಹುದು ಎಂಬುದು ನನಗೆ ಯಾವ ಶಾಸನಶಾಸ್ತ್ರದ ಪುಸ್ತಕವೂ ಹೇಳಿಕೊಡದ ಮಾತು. ಮೊದಲು ದಿನಗಟ್ಟಲೆ ಉಣಿಸಿ ಆಮೇಲೆ ಕೊಲ್ಲುವುದು ಉಗ್ರಾಣವಿದ್ದವರ ಗಾಳ.

ಆದರೆ ಯಾವ ಮೀನಿಗೆ ಏನು ಎಂಬ ವಿವೇಚನೆ ಉಗ್ರಾಣದಿಂದ ಬರುವುದಿಲ್ಲ. “ಅರಸನ ಸ್ವಾನುಭವ” ಎಂದು ನಾನು ಟಿಪ್ಪಣಿಯಲ್ಲಿ ಬರೆದುಕೊಂಡಿದ್ದನ್ನು ಓದಿ ಹೇಳಿದೆ. ಅಜ್ಜ ಸ್ವಲ್ಪ ಹೊತ್ತು ಬೆಂಡಿನ ಕಡೆ ನೋಡುತ್ತ ಕೂತು, “ಬರಿಸಿದಾಂವ ನೀರಿಗಿ ಇಳದಿಲ್ರಿ ಸರ. ಹೇಳಿದಾಂವ ಇಳದಾನ” ಎಂದರು. ಟಿಪ್ಪಣಿಯ ಆ ಸಾಲನ್ನು ಅಲ್ಲಿಯೇ ಹೊಡೆದುಹಾಕಿದೆ. ಮೂವತ್ತೈದು ಮೀನುಗಳ ನಾಲಗೆಯ ರುಚಿಯನ್ನು ಬಲ್ಲ ಆ ಮನುಷ್ಯ, ಅಥವಾ ಮನುಷ್ಯರು, ಯಾವ ಹೊಳೆಯವರು, ಅವರಿಗೆ ಆಸ್ಥಾನ ಏನು ಕೊಟ್ಟಿತು, ಗ್ರಂಥ ಹೇಳುವುದಿಲ್ಲ. ಕಿತ್ತೂರ ನಾಡಿನ ಇತಿಹಾಸವೆಂದರೆ ನಾವು 1824ರ ಅಕ್ಟೋಬರ್ 23ಕ್ಕೆ ಓಡುತ್ತೇವೆ, ಓಡಬೇಕಾದದ್ದೇ. ಇನ್ನೂ ಹಿಂದೆ ಹೋದರೆ ಸವದತ್ತಿಯ ರಟ್ಟರು, ಹೂಲಿಯ ಮಹಾಜನರು, ದೇಗಾಂವಿಯ ಕಮಲನಾರಾಯಣ ಗುಡಿ. ಶಾಸನಗಳಲ್ಲಿ ಭೂಮಿಯ ಮೇರೆಗಳನ್ನು ಕಲ್ಲು, ಮರ, ಹುತ್ತ ಸಹಿತ ಬರೆಸಿದ್ದಾರೆ. ನೀರಿನೊಳಗಿನ ಮೇರೆಗಳನ್ನು ಬರೆಸಿದವರಿಲ್ಲ.

ಒಂದು ಮಾತು ಸೇರಿಸಬೇಕು. ಇದೇ ನಾಡಿನ ಇನ್ನೊಂದು ಪರಂಪರೆ ಮೀನನ್ನು ಗಾಳದ ಈ ತುದಿಯಿಂದಲ್ಲ, ಆ ತುದಿಯಿಂದ ನೋಡಿತು. ಮಾನಸೋಲ್ಲಾಸವಾಗಿ ಎಂಬತ್ತು ವರ್ಷಕ್ಕೆ, 1209ರಲ್ಲಿ, ಜನ್ನ ‘ಯಶೋಧರ ಚರಿತೆ’ಯನ್ನು ಮುಗಿಸಿದ. ಯಶೋಧರನ ಕಥೆಯಲ್ಲಿ ದೊರೆ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಪಾಪಕ್ಕೆ ಜನ್ಮಜನ್ಮಾಂತರ ಅಲೆದು, ಒಮ್ಮೆ ಮೀನಾಗಿ ಹುಟ್ಟಿ, ಸಿಕ್ಕಿಬಿದ್ದು, ತನ್ನದೇ ಮನೆತನದ ಶ್ರಾದ್ಧದ ಅಡಿಗೆಯಾಗುತ್ತಾನೆ. ಹಿಟ್ಟಿನ ಕೋಳಿಯೂ ಒಂದು ಹುಸಿ ಪ್ರಾಣಿಯೇ. ಪ್ಲಾಸ್ಟಿಕ್ ಕಪ್ಪೆಯನ್ನು ಅಂಗೈಯಲ್ಲಿಟ್ಟುಕೊಂಡಾಗ ನನಗೆ ಈ ಕಥೆ ನೆನಪಾಯಿತು; ಹುಡುಗನಿಗೆ ಹೇಳಲಿಲ್ಲ, ಅವನು ಆಗ ಕಳೆಗೆ ಸಿಕ್ಕ ದಾರವನ್ನು ಬಿಡಿಸುವ ಗಡಿಬಿಡಿಯಲ್ಲಿದ್ದ.

ಸಂಜೆ ಅಜ್ಜ ನೀರಿನ ಕಡೆ ಬೆರಳು ಮಾಡಿ ಮಡುಗಳ ಹೆಸರು ಹೇಳತೊಡಗಿದರು. ಅಣೆಕಟ್ಟಿಗೆ ಮೊದಲು ಹೊಳೆಯ ಪ್ರತಿಯೊಂದು ಮಡುವಿಗೂ ಹೆಸರಿತ್ತು. ಇಂಥ ಮಡುವಿನಲ್ಲಿ ಇಂಥ ಮೀನು, ಇಂಥ ತಿಂಗಳು, ಇಂಥ ಎರೆ. ಹರಿವ ನೀರನ್ನು ಬೇಡುವ ಮೀನುಗಳು ಅಣೆಕಟ್ಟಿನಿಂದಾಚೆ ಮೇಲೇರಲಾರದೆ ಕ್ಷೀಣಿಸಿದವು, ನಿಂತ ನೀರನ್ನು ಒಗ್ಗಿಸಿಕೊಂಡವು ಉಳಿದವು, ಮರಿ ತಂದು ಬಿಟ್ಟವು ಬಲಿತವು. ಮೀನು ಹಿಡಿಯಲು ಇಲಾಖೆಯ ಪರವಾನಗಿ ಬಂದಿತು. ಹೊಲಗಳಿಗೆ ನೀರು ಬಂದದ್ದೂ ನಿಜ, ಹುಬ್ಬಳ್ಳಿ ಧಾರವಾಡಗಳು ಕುಡಿಯುವುದೂ ಈ ನೀರನ್ನೇ. ಅಜ್ಜ ಅದನ್ನು ಅಲ್ಲಗಳೆಯಲಿಲ್ಲ. ಹನ್ನೊಂದು ಮಡುಗಳ ಹೆಸರು ಹೇಳಿ ಹನ್ನೆರಡನೆಯದಕ್ಕೆ ತಡೆದರು. ತುಟಿಯ ಮೇಲಿದೆ, ಬರಲೊಲ್ಲದು. ಮೊಮ್ಮಗ ರೀಲನ್ನು ಕೆಳಗಿಟ್ಟು ನನ್ನ ಕೈಯಿಂದ ನೋಟುಪುಸ್ತಕ ಇಸಕೊಂಡು, ಆ ಹನ್ನೊಂದನ್ನು ತಾನೇ ಬರೆದ. ಅವನ ಅಕ್ಷರ ನನ್ನದಕ್ಕಿಂತ ದುಂಡಗಿದೆ.

ಹೊರಡುವಾಗ ಅಜ್ಜ ಒಂದು ಬೇಡಿಕೆ ಇಟ್ಟರು. ರಾಜನ ಎರೆಯನ್ನು ಒಮ್ಮೆ ಹಾಕಿ ನೋಡೋಣ, ಶೇಂಗಾ ಬೇಡ, ಎಳ್ಳಿನ ಹಿಂಡಿಯೇ ಬೇಕು, ಖರ್ಚು ಮೇಷ್ಟ್ರದು. ಒಪ್ಪಿದೆ. ಬೈಲಹೊಂಗಲದ ಪೇಟೆಯಲ್ಲಿ ಐದು ಕಿಲೋ ತೂಗಿಸುವಾಗ ಅಂಗಡಿಯವರು, “ಎಷ್ಟ ಎಮ್ಮಿ ಅದಾವ್ರಿ ಸರ?” ಎಂದು ಕೇಳಿದರು. ಮೀನಿಗೆ ಎಂದು ಹೇಳಲು ಧೈರ್ಯ ಸಾಲದೆ, ಎರಡು ಎಂದೆ. ಬರುವ ಅಮಾವಾಸ್ಯೆಯ ಮರುದಿನ ಹಿಂಡಿಯ ಚೀಲದೊಡನೆ ನಾನು ದಂಡೆಗೆ ಹೋಗಬೇಕಾಗಿದೆ. ಹನ್ನೆರಡನೆಯ ಮಡುವಿನ ಹೆಸರು ಅಷ್ಟರಲ್ಲಿ ನೆನಪಾದೀತೆಂದು ಅಜ್ಜ ಹೇಳಿದ್ದಾರೆ.